ಚಕ್ಕುಬಂದಿಯಲ್ಲಿ ಕಳೆದುಹೋದ ಹಳ್ಳ

(ತುಮಕೂರಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ಭೂಗೋಳ ತಜ್ಞ ಅಂದುಬಿಟ್ಟರು. ಹಾಗೇನಿಲ್ಲ. ನಾನು ಸರ್ವೆಯರ್. ಮೂವತ್ತು ವರ್ಷ ಚೈನು ಎಳೆದವನು, ಬಾಂದು ಕಲ್ಲು ಹುಡುಕಿದವನು, ಅಣ್ಣತಮ್ಮಂದಿರ ಜಗಳದ ನಡುವೆ ಬಿಸಿಲಲ್ಲಿ ನಿಂತವನು. ನೆಲದ ಹೆಸರುಗಳ ಹುಚ್ಚು ಹತ್ತಿದ್ದು ಓದಿನಿಂದ ಅಲ್ಲ, ಕ್ರಯಪತ್ರಗಳಿಂದ.

ಒಂದು ಜಮೀನಿನ ಕಥೆ ಹೇಳಿ ಶುರು ಮಾಡುತ್ತೇನೆ. ಅದು ಕೊರಟಗೆರೆ ಕಡೆಯ ನಮ್ಮೂರಿನದೇ ಜಮೀನು. ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುತ್ತಾರಲ್ಲ, ನಾಲ್ಕು ದಿಕ್ಕಿಗೆ ಏನೇನಿದೆ ಅಂತ. ಆ ಜಮೀನಿನ ಹಳೆಯ ಪತ್ರದಲ್ಲಿ ‘ಪೂರ್ವಕ್ಕೆ ಹೊಂಗೆಹಳ್ಳ’ ಎಂದಿತ್ತು. ಮುಂದಿನ ತಲೆಮಾರು ಮಾರಿದಾಗ ‘ಪೂರ್ವಕ್ಕೆ ಹಳ್ಳ’ ಎಂದಾಯಿತು. ಆಮೇಲಿನ ಪತ್ರದಲ್ಲಿ ‘ಪೂರ್ವಕ್ಕೆ ಓಣಿ’. ಕೊನೆಯ ಪತ್ರ ನಾನು ಕೆಲಸದಲ್ಲಿದ್ದಾಗಲೇ ಆದದ್ದು. ಅದರಲ್ಲಿ ‘ಪೂರ್ವಕ್ಕೆ 20 ಅಡಿ ರಸ್ತೆ’. ನಾಲ್ಕು ಪತ್ರ, ನಾಲ್ಕು ಪೂರ್ವ. ಜಮೀನು ಒಂದಡಿಯೂ ಆಚೀಚೆ ಹೋಗಿಲ್ಲ. ಹಳ್ಳ ಮಾತ್ರ ನಡೆದುಕೊಂಡು ಎಲ್ಲೋ ಹೋಗಿಬಿಟ್ಟಿತು.

ಆ ಹಳ್ಳಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ಮೇಲೆ ಹತ್ತೋಣ.

ಇಲ್ಲಿಂದ ಹತ್ತಿರದ ಎತ್ತರ ಅಂದರೆ ದೇವರಾಯನದುರ್ಗ. ಅಲ್ಲಿ ನಿಂತರೆ ನೀವು ನೀರಿನ ಬೆನ್ನುಮೂಳೆ ಮೇಲೆ ನಿಂತಿದ್ದೀರಿ. ಒಂದು ಮಗ್ಗುಲಿಗೆ ಬಿದ್ದ ಮಳೆ ಶಿಂಷೆಗೆ ಹೋಗುತ್ತದೆ. ಕಡಬದ ಕೆರೆ, ಮಾರ್ಕೋನಹಳ್ಳಿ, ಮದ್ದೂರು ದಾಟಿ ಕಾವೇರಿ ಸೇರುತ್ತದೆ. ಇನ್ನೊಂದು ಮಗ್ಗುಲಿನ ಮಳೆ ಜಯಮಂಗಲಿ ಆಗಿ ಕೊರಟಗೆರೆ, ಮಧುಗಿರಿ ಸೀಮೆ ಹಾಯ್ದು ಆಂಧ್ರದಲ್ಲಿ ಉತ್ತರ ಪಿನಾಕಿನಿ ಸೇರುತ್ತದೆ. ಒಂದೇ ಬಂಡೆಯ ಮೇಲೆ ಬಿದ್ದ ಎರಡು ಹನಿಗಳಲ್ಲಿ ಒಂದು ತಮಿಳುನಾಡಿಗೆ, ಇನ್ನೊಂದು ನೆಲ್ಲೂರಿಗೆ. ಬೆಟ್ಟದ ಬುಡದಲ್ಲೇ ನಾಮದ ಚಿಲುಮೆ ಇದೆ. ರಾಮ ಹಣೆಯ ನಾಮ ತೊಳೆಯಲು ನೀರು ಕಾಣದೆ ಬಾಣ ಬಿಟ್ಟನಂತೆ, ಬಂಡೆಯಿಂದ ನೀರು ಚಿಮ್ಮಿತಂತೆ. ಈ ಕಥೆ ನಿಮಗೆಲ್ಲ ಗೊತ್ತು.

ನಿಮಗೆ ಅಷ್ಟಾಗಿ ಗೊತ್ತಿರದ ಹೆಸರು ಬೇರೆ ಇದೆ. ದೇವರಾಯನದುರ್ಗ ಅನ್ನುವುದು ಚಿಕ್ಕದೇವರಾಜ ಒಡೆಯರು ಆ ಬೆಟ್ಟ ಗೆದ್ದ ಮೇಲೆ ಬಂದ ಹೆಸರು. ಅದಕ್ಕೆ ಮೊದಲು ಜಡಕ ಎಂಬ ಪಾಳೆಯಗಾರನಿಂದ ಜಡಕನದುರ್ಗ. ಅದಕ್ಕೂ ಹಿಂದೆ ‘ಆನೆಬಿದ್ದಸರಿ’. ಲೂಯಿಸ್ ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿ ಈ ಮೂರೂ ಹೆಸರು ಸಿಗುತ್ತವೆ.

ಆನೆಬಿದ್ದಸರಿ! ಮೊದಲ ಸಲ ಓದಿದಾಗ ಎರಡು ಸಲ ಜೋರಾಗಿ ಹೇಳಿಕೊಂಡೆ. ‘ಸರಿ’ ಅಂದರೆ ನಮಗೀಗ ಓಕೆ ಅಂತಲೇ ಅರ್ಥ ಅಲ್ವಾ. ಹಳೆಯ ಸರಿ ಅಂದರೆ ಕಡಿದಾದ ಇಳಿಜಾರು, ಪ್ರಪಾತ. ಯಾವುದೋ ಕಾಲದಲ್ಲಿ ಒಂದು ಆನೆ ಅಲ್ಲಿಂದ ಬಿದ್ದಿದೆ. ಕಂಡವರು ಆ ಜಾಗವನ್ನು ಹಾಗೇ ಕರೆದಿದ್ದಾರೆ. ಈ ಹೆಸರಿನಲ್ಲಿ ಎಷ್ಟು ಸುದ್ದಿ ಇದೆ ನೋಡಿ. ಅಲ್ಲಿ ಆನೆ ಓಡಾಡುವಷ್ಟು ಕಾಡಿತ್ತು. ಇಳಿಜಾರು ಆನೆಯನ್ನೂ ಬೀಳಿಸುವಷ್ಟು ಕಡಿದಾಗಿತ್ತು. ದನ ಕಾಯುವವನಿಗೆ ಆ ಹೆಸರೇ ಎಚ್ಚರಿಕೆ ಫಲಕ. ಜಡಕನದುರ್ಗ, ದೇವರಾಯನದುರ್ಗ ಅನ್ನುವ ಹೆಸರುಗಳು ಬೆಟ್ಟ ಯಾರ ಕೈಯಲ್ಲಿತ್ತು ಅಂತಷ್ಟೇ ಹೇಳುತ್ತವೆ. ಬೆಟ್ಟ ಹೇಗಿದೆ ಅಂತ ಹೇಳುವುದಿಲ್ಲ. ಇದು ಸರ್ವೆಯರನ ಪಕ್ಷಪಾತ ಅಂದುಕೊಳ್ಳಿ, ನನಗೆ ಆನೆಯ ಹೆಸರೇ ಇಷ್ಟ.

ನಂದಿ ಬೆಟ್ಟದಲ್ಲೂ ಬೀಳುವ ಹೆಸರೇ ಒಂದಿದೆ, ಟಿಪ್ಪು ಡ್ರಾಪ್. ಅಲ್ಲಿ ಬಿದ್ದದ್ದು ಕೈದಿಗಳು ಅಂತ ಕಥೆ. ಅದನ್ನು ಕನ್ನಡದಲ್ಲಿ ಏನನ್ನುತ್ತಾರೆ ಅಂತ ಚಿಕ್ಕಬಳ್ಳಾಪುರದ ಗೆಳೆಯರನ್ನು ಕೇಳಿದೆ. ‘ಟಿಪ್ಪು ಡ್ರಾಪೇ’ ಅಂದರು. ಬಸ್ಸಿನಲ್ಲಿ ಒಬ್ಬರು ‘ನಂದಿ ಹಿಲ್ಸ್ ಬೆಟ್ಟಕ್ಕೆ ಒಂದು ಟಿಕೆಟ್ ಕೊಡಿ’ ಅಂದದ್ದೂ ಕಿವಿಗೆ ಬಿತ್ತು. ಬೆಟ್ಟಗಳ ಬೆಟ್ಟ! ನಗಬೇಡಿ, ನಾವೂ ‘ಪಾಲಾರ್ ನದಿ’ ಅನ್ನುತ್ತೇವೆ. ತಮಿಳಿನಲ್ಲಿ ಆರು ಅಂದರೇ ನದಿ. ಪಾಲ್ ಅಂದರೆ ಹಾಲು. ಪಾಲಾರ್ ನದಿ ಅಂದರೆ ಹಾಲುಹೊಳೆ ಹೊಳೆ.

ಈ ಪಾಲಾರಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಅದು ಹುಟ್ಟುವುದು ನಮ್ಮ ಕಡೆಯೇ, ಚಿಂತಾಮಣಿ ಸೀಮೆಯ ತಲಗವಾರದ ಹತ್ತಿರ. ಕರ್ನಾಟಕದಲ್ಲಿ 93 ಕಿಲೋಮೀಟರು ಹರಿಯುತ್ತದೆ. ಆಂಧ್ರದಲ್ಲಿ 33. ತಮಿಳುನಾಡಿನಲ್ಲಿ 222. ಹೆಸರು ಯಾರದು? ತಮಿಳರದು. ನಮ್ಮಲ್ಲಿ ಅದು ಬೇತಮಂಗಲದ ಕೆರೆ, ಅದರ ಕೆಳಗಿನ ರಾಮಸಾಗರ, ಹೀಗೆ ಕೆರೆಯಿಂದ ಕೆರೆಗೆ ಇಳಿದುಹೋಗುವ ನೀರು. ಹೊಳೆ ಅಂತ ಕಣ್ಣಿಗೆ ಕಾಣುವುದು ಕೆಳಗೆ ಹೋದ ಮೇಲೆ. ಪಿನಾಕಿನಿಯದೂ ಇದೇ ಕಥೆ. ಶಿವನ ಬಿಲ್ಲು ಪಿನಾಕ, ಅದರಿಂದ ಪಿನಾಕಿನಿ ಅಂತ ನಮ್ಮ ಶಾಲೆಯಲ್ಲಿ ಹೇಳಿಕೊಟ್ಟರು. ತೆಲುಗರ ಬಾಯಲ್ಲಿ ಅದು ಪೆನ್ನ. ತಮಿಳುನಾಡಿಗೆ ಹೋಗುವ ದಕ್ಷಿಣ ಪಿನಾಕಿನಿ ಅವರ ತೆನ್‌ಪೆಣ್ಣೈ. ಹುಟ್ಟಿದ ಊರಿನವರು ನದಿಗೆ ಹೆಸರಿಡುವುದಿಲ್ಲ, ಉಂಡ ಊರಿನವರು ಇಡುತ್ತಾರೆ. ಇದು ನಾನು ನಕಾಶೆ ಮೇಲೆ ಬೆರಳಾಡಿಸಿ ಕಂಡುಕೊಂಡದ್ದು. ತಪ್ಪು ಅನ್ನಿಸಿದರೆ ಆಮೇಲೆ ಚಹಾ ಕುಡಿಯುವಾಗ ಜಗಳ ಆಡೋಣ.

ನಂದಿಯ ಸುತ್ತಿನ ಬೆಟ್ಟಸಾಲಿನಲ್ಲಿ ಎಷ್ಟು ನೀರು ಹುಟ್ಟುತ್ತದೆ ಅಂತ ಎಣಿಸಿದರೆ ಆಶ್ಚರ್ಯ ಆಗುತ್ತದೆ. ಅರ್ಕಾವತಿ ದಕ್ಷಿಣಕ್ಕೆ ಇಳಿದು ಕಾವೇರಿಗೆ. ಎರಡು ಪಿನಾಕಿನಿಗಳು ಎರಡು ದಿಕ್ಕಿಗೆ. ಚಿತ್ರಾವತಿ ಬಾಗೇಪಲ್ಲಿ ದಾಟಿ ಪುಟ್ಟಪರ್ತಿ ಮುಂದೆ ಹಾದು ಹೋಗುತ್ತದೆ. ಶಿಡ್ಲಘಟ್ಟದ ಕಡೆಯಿಂದ ಪಾಪಘ್ನಿ. ಅಕ್ಕಪಕ್ಕದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ಚಿತ್ರಾವತಿ, ಪಾಪಘ್ನಿ, ಉತ್ತರ ಪಿನಾಕಿನಿ ಮೂರೂ ಕಡೆಗೆ ಆಂಧ್ರದ ಕಡಪ ಸೀಮೆಯಲ್ಲಿ ಒಂದಾಗುತ್ತವೆ. ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದ ಅಕ್ಕತಂಗಿಯರು ಜಾತ್ರೆಯಲ್ಲಿ ಸಿಕ್ಕಿದ ಹಾಗೆ.

ಇನ್ನು ಭಾಷೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗಳ ನೆಲ ಕನ್ನಡ, ತೆಲುಗು ಎರಡು ಭಾಷೆ ಮಾತಾಡುತ್ತದೆ, ಸಾಲದ್ದಕ್ಕೆ ಮೇಲೆ ಒಂದು ಸಂಸ್ಕೃತದ ಶಲ್ಯ ಹೊದ್ದುಕೊಳ್ಳುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಆವಲಬೆಟ್ಟ ನೋಡಿ. ತೆಲುಗಿನಲ್ಲಿ ಆವು ಅಂದರೆ ಹಸು, ಆವುಲ ಅಂದರೆ ಹಸುಗಳ. ಅದಕ್ಕೆ ಕನ್ನಡದ ಬೆಟ್ಟ ಸೇರಿತು. ಮೇಲಿನ ನರಸಿಂಹಸ್ವಾಮಿ ದೇವಸ್ಥಾನದ ಬೋರ್ಡಿಗೆ ಬರುವ ಹೊತ್ತಿಗೆ ಅದು ಧೇನುಗಿರಿ. ಒಂದೇ ಹಸು ಮೂರು ಸಲ ಹೆಸರು ಬದಲಾಯಿಸಿತು. ಆದರೂ ಪಾಪ, ಹಸುವಾಗಿಯೇ ಉಳಿಯಿತು. ಹತ್ತಿರದ ಕಳವಾರ ಬೆಟ್ಟಕ್ಕೆ ಆ ಅದೃಷ್ಟ ಇಲ್ಲ. ಶನಿವಾರ ರಾತ್ರಿ ಟಾರ್ಚ್ ಹಿಡಿದು ಮಂಜು ನೋಡಲು ಬರುವ ಬೆಂಗಳೂರಿನ ಹುಡುಗರಿಗೆ ಅದು ಸ್ಕಂದಗಿರಿ. ಕಳವಾರ ಎಂಬ ಊರು ಬುಡದಲ್ಲೇ ಇದೆ. ಆ ಹೆಸರು ಅವರ ಫೋನಿನೊಳಗೆ ಸಿಗುವುದೇ ಇಲ್ಲ.

ಪೆರೇಸಂದ್ರ ದಾಟಿ ಬಾಗೇಪಲ್ಲಿ ಕಡೆ ಹೊರಟರೆ ಊರಿನ ಬೋರ್ಡುಗಳನ್ನು ಓದುತ್ತಾ ಹೋಗಿ. ಹಳ್ಳಿ ಇದ್ದದ್ದು ಪಲ್ಲಿ ಆಗುತ್ತದೆ, ಗುಡ್ಡ ಇದ್ದದ್ದು ಗುಟ್ಟ. ಹಳೆಗನ್ನಡದ ಪಕಾರ ನಮ್ಮಲ್ಲಿ ಹಕಾರ ಆಯಿತು ಅಂತ ಮೇಷ್ಟ್ರು ಹೇಳಿದ್ದು ನೆನಪಿದೆಯಾ? ಪಳ್ಳಿ ಹಳ್ಳಿ ಆಯಿತು, ಪಳ್ಳ ಹಳ್ಳ ಆಯಿತು, ಪಾವು ಹಾವು ಆಯಿತು. ನಮ್ಮ ಪಾವಗಡಕ್ಕೆ ಹಾವಿನ ಬೆಟ್ಟ ಅಂತಲೇ ಅರ್ಥ ಹೇಳುತ್ತಾರೆ. ಊರಿನವರು ಹಾವು ಕಂಡರೆ ಹಾವು ಅಂತಲೇ ಕೂಗುತ್ತಾರೆ, ಊರಿನ ಹೆಸರಲ್ಲಿ ಮಾತ್ರ ಹಳೆಯ ಪಾವು ಸುತ್ತಿಕೊಂಡು ಮಲಗಿದೆ. ಅದೇ ತಾಲೂಕಿನ ನಿಡುಗಲ್ಲು ಅಂದರೆ ಉದ್ದನೆಯ ಕಲ್ಲು, ಅಷ್ಟೇ. ಮುಳಬಾಗಿಲಿನ ಹತ್ತಿರದ ಕುರುಡುಮಲೆಗೂ ಕುರುಡಿಗೂ ಸಂಬಂಧವಿಲ್ಲ. ಅದು ದೇವತೆಗಳು ಕೂಡಿದ ಕೂಡುಮಲೆ ಅನ್ನುತ್ತಾರೆ ಊರಿನವರು. ಮಧುಗಿರಿ ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಮದ್ದಗಿರಿ. ಈಗಲೂ ಕಂಡಕ್ಟರು ‘ಮದ್ಗಿರಿ ಮದ್ಗಿರಿ’ ಅಂತಲೇ ಕೂಗುವುದು.

ಮಧುಗಿರಿಯ ಆ ಏಕಶಿಲೆ ಬಗ್ಗೆ ಒಂದು ಮಾತು, ವಿಷಯ ಬಿಟ್ಟು ಹೋದರೂ ಪರವಾಗಿಲ್ಲ. ಅಲ್ಲಿಯ ಗ್ರಾನೈಟಿಗೆ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಅನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಕಲ್ಲು. ಕ್ಲೋಸ್‌ಪೇಟೆ ಅಂದರೆ ಇಂದಿನ ರಾಮನಗರ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಆ ಪೇಟೆಗೆ ಬಿದ್ದಿತ್ತು. ಊರಿನವರು ಊರಿನ ಹೆಸರು ಬದಲಾಯಿಸಿಕೊಂಡರು, ಕಲ್ಲಿನ ಹೆಸರು ಬದಲಾಯಿಸಲು ಯಾರಿಗೂ ತೋಚಲಿಲ್ಲ. ಹಾಗಾಗಿ ನಮ್ಮ ಬೆಟ್ಟಗಳ ಹೊಟ್ಟೆಯೊಳಗೆ ಆ ದೊರೆ ಇನ್ನೂ ಕೂತಿದ್ದಾನೆ.

ಸರಿ, ಈಗ ಕೆಳಗೆ ಇಳಿಯೋಣ. ಈ ಸರಿ ಆನೆ ಬಿದ್ದ ಸರಿ ಅಲ್ಲ.

ನಮ್ಮ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆ ಇಲ್ಲ. ಅದಕ್ಕೇ ನಿಂತ ನೀರಿಗೆ ಹೆಸರು ಜಾಸ್ತಿ. ಕೆರೆ, ಕಟ್ಟೆ, ಕುಂಟೆ, ಗೋಕಟ್ಟೆ, ಕಲ್ಯಾಣಿ, ಬೆಟ್ಟದ ಮೇಲಾದರೆ ದೊಣೆ. ದೊಡ್ಡ ಕೆರೆ ಕಟ್ಟಿಸಿದವರು ಅದನ್ನು ಸಾಗರ, ಸಮುದ್ರ ಅಂತ ಕರೆದು ಸಂತೋಷಪಟ್ಟರು. ಸಮುದ್ರ ನೋಡದವರ ಸಮುದ್ರ. ಗುಡಿಬಂಡೆಯ ಭೈರಸಾಗರ ಬೆಟ್ಟದ ಮೇಲಿಂದ ಭಾರತದ ನಕಾಶೆಯ ಹಾಗೆ ಕಾಣುತ್ತದೆ ಅಂತ ಜನ ಫೋಟೋ ತೆಗೆಯುತ್ತಾರೆ. ಕಾಣುತ್ತದೆ, ನಿಜ. ನಮ್ಮ ತುಮಕೂರಿನ ಅಮಾನಿಕೆರೆಯನ್ನು ‘ಅಮ್ಮನ ಕೆರೆ’ ಅಂತ ಬಿಡಿಸಿ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಅಮಾನಿ ಕಂದಾಯದ ಮಾತು, ಪಾರಸಿ ಮೂಲದ್ದು. ಗುತ್ತಿಗೆಗೆ ಕೊಡದೆ ಸರ್ಕಾರವೇ ಇಟ್ಟುಕೊಂಡು ನೋಡಿಕೊಳ್ಳುವುದಕ್ಕೆ ಅಮಾನಿ ಅನ್ನುತ್ತಿದ್ದರು. ಅಮ್ಮ ಅಲ್ಲ, ಅಮಲ್ದಾರ.

ತಲಪರಿಗೆ ಎಂಬ ಮಾತು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿ. ಮೂರು, ನಾಲ್ಕು... ಎಲ್ಲ ತಲೆ ನರೆತವರೇ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ಸೀಮೆಯ ಮಾತು ಅದು. ನೆಲದಡಿಯ ಮರಳಿನ ಪದರದಲ್ಲಿ ನೀರಿರುತ್ತಿತ್ತು. ಇಳಿಜಾರಿನಲ್ಲಿ ಸರಿಯಾದ ಜಾಗ ನೋಡಿ ಅಗೆದರೆ ಊಟೆ ಸಿಗುತ್ತಿತ್ತು. ಅಲ್ಲಿಂದ ಕಾಲುವೆ ತೆಗೆದರೆ ನೀರು ತಾನಾಗಿ ಹೊಲಕ್ಕೆ ಹರಿಯುತ್ತಿತ್ತು. ಏತ ಇಲ್ಲ, ಕಪಿಲೆ ಇಲ್ಲ, ಎತ್ತಿನ ಕೆಲಸ ಇಲ್ಲ. ವರ್ಷಕ್ಕೊಮ್ಮೆ ಊರಿನವರು ಸೇರಿ ಹೂಳು ತೆಗೆದರೆ ಸಾಕು. ಗೆಜೆಟಿಯರಿನಲ್ಲಿ ರೈಸ್ ಇದನ್ನು ಈ ಸೀಮೆಯ ವಿಶೇಷ ಅಂತ ಗುರುತಿಸಿದ. ಕೊಳವೆಬಾವಿ ಬಂದ ಮೇಲೆ ಅಂತರ್ಜಲ ಕೆಳಗೆ ಜಾರಿತು, ಊಟೆ ಬತ್ತಿತು. ಗುಂಡಿ ಮುಚ್ಚಿಹೋಯಿತು. ಈಗ ಅಲ್ಲಿ ನಿಂತು ‘ಇದು ತಲಪರಿಗೆ’ ಅಂದರೆ ಹುಡುಗರು ಯಾವುದೋ ದೇವರ ಹೆಸರು ಅಂದುಕೊಳ್ಳುತ್ತಾರೆ.

ಇನ್ನು ಹಳ್ಳ.

ಹಳ್ಳದ ಹೆಸರಿನ ವಿಚಿತ್ರ ಏನೆಂದರೆ ಅದಕ್ಕೆ ಪೂರ್ತಿ ಉದ್ದಕ್ಕೆ ಒಂದು ಹೆಸರು ಇರುವುದೇ ಇಲ್ಲ. ನಮ್ಮೂರ ಹಳ್ಳ ಗುಡ್ಡದಿಂದ ಕೆರೆಗೆ ಬರುವಷ್ಟರಲ್ಲಿ ಮೂರು ಹೆಸರು ಹೊತ್ತುಕೊಳ್ಳುತ್ತಿತ್ತು. ಮೇಲೆ ಬಂಡೆಗಳ ನಡುವೆ ಕಲ್ಲುಸರಿ. ಹೊಲಗಳ ನಡುವೆ ಬಂದಾಗ ದಡದ ಮರಗಳಿಂದ ಹೊಂಗೆಹಳ್ಳ. ಊರ ಹತ್ತಿರ ಸ್ವಲ್ಪ ನೀರು ನಿಲ್ಲುವ ಕಡೆ ಮಡುವಿನ ಹಳ್ಳ. ನಮ್ಮಜ್ಜಿ ‘ಲೋ ಮಗಾ, ಮಡಿನಳ್ಳದ್ ತಾವ ಎಮ್ಮೆ ಬಿಟ್ಟು ಬಾ’ ಅಂದರೆ ನಾನು ಎಲ್ಲಿಗೆ ಹೋಗಬೇಕು ಅಂತ ಹತ್ತು ಮಾರು ಆಚೀಚೆ ಇಲ್ಲದ ಹಾಗೆ ಗೊತ್ತಾಗುತ್ತಿತ್ತು. ಅದು ನದಿಯ ಹೆಸರಲ್ಲ, ವಿಳಾಸ. ಆ ವಿಳಾಸ ಬಳಸುತ್ತಿದ್ದವರು ಎಮ್ಮೆ ಮೇಯಿಸುವವರು, ಬಟ್ಟೆ ಒಗೆಯುವವರು, ಸೌದೆ ತರುವವರು. ಎಮ್ಮೆ ಹೋದವು, ಗ್ಯಾಸ್ ಬಂತು. ವಿಳಾಸ ಯಾರಿಗೆ ಬೇಕು?

ಕಾಗದದಲ್ಲಿ ಅದು ಬೇರೆ ಥರ. ಗ್ರಾಮ ನಕಾಶೆಯಲ್ಲಿ ಹಳ್ಳ ಅಂದರೆ ಎರಡು ಅಂಕುಡೊಂಕು ಗೆರೆ. ಹೆಸರಿಲ್ಲ. ದಾಖಲೆಯಲ್ಲಿ ‘ಬಿ ಖರಾಬು’. ಅಂದರೆ ಸಾರ್ವಜನಿಕರಿಗೆ ಸೇರಿದ್ದು, ಯಾರಿಗೂ ಕೊಡುವ ಹಾಗಿಲ್ಲ. ಇದು ಒಳ್ಳೆಯ ಕಾನೂನು, ಅನುಮಾನವಿಲ್ಲ. ಆದರೆ ಆ ಮಾತು ನೋಡಿ. ಖರಾಬು ಅಂದರೆ ಕೆಟ್ಟದ್ದು, ಕೆಲಸಕ್ಕೆ ಬಾರದ್ದು. ‘ಹೊಂಗೆಹಳ್ಳದಲ್ಲಿ ಮಣ್ಣು ಸುರಿಯುತ್ತಿದ್ದಾರೆ’ ಅಂದರೆ ಊರು ಎದ್ದು ಬರುತ್ತಿತ್ತೇನೋ. ‘ಖರಾಬಿನಲ್ಲಿ ಮಣ್ಣು ಸುರಿಯುತ್ತಿದ್ದಾರೆ’ ಅಂದರೆ ಯಾರು ಬರುತ್ತಾರೆ?

ಆ ನಾಲ್ಕನೆಯ ಕ್ರಯಪತ್ರದ ಹೊತ್ತಿಗೆ ನಾನು ಹಳೆಯ ನಕಾಶೆ ತೆಗೆದು ಅಳೆದೆ. ನಮ್ಮ ಲೆಕ್ಕದಲ್ಲಿ ಒಂದು ಚೈನು ಅಂದರೆ 33 ಅಡಿ, ಅದಕ್ಕೆ 16 ಆಣೆ. ಹಳ್ಳದ ಅಗಲ ಅಲ್ಲಿ ಒಂದು ಚೈನು ನಾಲ್ಕು ಆಣೆ. ಅಂದರೆ ಸುಮಾರು 41 ಅಡಿ. ಪತ್ರದಲ್ಲಿ 20 ಅಡಿ ರಸ್ತೆ. ಉಳಿದ 21 ಅಡಿ ಎಲ್ಲಿ ಹೋಯಿತು? ಸ್ಥಳಕ್ಕೆ ಹೋಗಿ ನೋಡಿದರೆ ಎರಡೂ ಕಡೆಯ ಕಾಂಪೌಂಡುಗಳು ಅಷ್ಟಷ್ಟು ಮುಂದೆ ಬಂದು ನಿಂತಿದ್ದವು. ವರದಿ ಬರೆದೆ. ಮೇಲಿನವರು ಓದಿ, ‘ಇಲ್ಲಿ ಹಳ್ಳ ಎಲ್ಲಿದೆ ರೀ? ಎಲ್ಲರ ಪತ್ರದಲ್ಲೂ ರಸ್ತೆ ಅಂತಿದೆಯಲ್ಲ’ ಅಂದರು. ನಿಜ, ಎಲ್ಲರ ಪತ್ರದಲ್ಲೂ ಹಾಗೇ ಇತ್ತು. ಅವುಗಳಲ್ಲಿ ಒಂದೆರಡಕ್ಕೆ ಅಳತೆ ಮಾಡಿಕೊಟ್ಟವನು ನಾನೇ. ಆಗ ಚಕ್ಕುಬಂದಿ ಓದಿ ನೋಡಿರಲಿಲ್ಲ. ಹಿಂದಿನ ಪತ್ರದಲ್ಲಿ ಇದ್ದದ್ದನ್ನೇ ಸುಮ್ನೆ ಇಳಿಸಿಕೊಂಡಿದ್ದೆ.

ಹೊಸ ನೀರಿಗೆ ಹೊಸ ಹೆಸರು ಬರುವುದನ್ನೂ ನೋಡಿದೆ. ಕೋಲಾರದ ಕಡೆ ಹೋದರೆ ರೈತರು ‘ನಮ್ಮ ಕೆರೆಗೆ ವ್ಯಾಲಿ ನೀರು ಬಂತು’ ಅನ್ನುತ್ತಾರೆ. ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ಬಂದದ್ದು ಲಕ್ಷ್ಮೀಸಾಗರದ ಕೆರೆಗೆ. ಆ ನೀರಿನ ಒಳಿತು ಕೆಡುಕಿನ ವಾದ ಇಲ್ಲಿ ಬೇಡ, ಅದಕ್ಕೆ ಇನ್ನೊಂದು ಸಂಜೆ ಬೇಕು. ನನ್ನ ಆಸಕ್ತಿ ಆ ಹೆಸರಿನಲ್ಲಿ. ಕೆ ಅಂದರೆ ಕೋರಮಂಗಲ, ಸಿ ಅಂದರೆ ಚಲ್ಲಘಟ್ಟ. ಎರಡೂ ಒಂದು ಕಾಲದ ಊರುಗಳು, ಅವುಗಳ ನಡುವೆ ಇಳಿಯುತ್ತಿದ್ದ ನೀರಿನ ತಗ್ಗು ಅದು. ಬೆಂಗಳೂರಿನಲ್ಲಿ ಆ ಹಳ್ಳವನ್ನು ಹುಡುಕಲು ಹೋದರೆ ಕಾಣುವುದು ರಾಜಕಾಲುವೆಯ ಕಾಂಕ್ರೀಟ್ ಗೋಡೆ. ಅದರ ಹೆಸರು ಪೈಪಿನೊಳಗೆ ಕೂತು ಕೋಲಾರದ ಹೊಲಕ್ಕೆ ಬಂತು. ಕೆ.ಜಿ.ಎಫ್‌ನಲ್ಲಿ ಗಣಿಯ ಪುಡಿಮಣ್ಣು ರಾಶಿ ಬಿದ್ದು ಗುಡ್ಡಗಳೇ ಆಗಿವೆ. ಅದಕ್ಕೆ ಜನ ಸೈನೈಡ್ ಗುಡ್ಡ ಅನ್ನುತ್ತಾರೆ. ಗಣಿ 2001ರಲ್ಲಿ ಮುಚ್ಚಿತು, ಗುಡ್ಡ ಉಳಿಯಿತು. ಅದನ್ನೂ ಸಿರಿವಂತ ಹೆಸರಿಟ್ಟು ಗಿರಿ ಮಾಡುತ್ತಾರಾ ಅಂತ ಕಾಯುತ್ತಿದ್ದೇನೆ.

ಕೊನೆಗೆ 2021ರ ನವೆಂಬರ್. ನಿಮಗೆ ಆ ಮಳೆ ನೆನಪಿರಬೇಕು. ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಕಡೆ, ಎಲ್ಲೆಲ್ಲೂ ಕೆರೆಗಳು ಕೋಡಿ ಬಿದ್ದವು. ವರ್ಷಗಟ್ಟಲೆ ಒಣಗಿದ್ದ ಕೆರೆಗಳ ಕೋಡಿ ನೋಡಲು ಜನ ಮಕ್ಕಳನ್ನು ಕರೆದುಕೊಂಡು ಹೋದರು. ನಮ್ಮೂರಿಂದ ತಮ್ಮ ಫೋನ್ ಮಾಡಿದ, ‘ಅಣ್ಣ, ರಸ್ತೆಯಲ್ಲಿ ಸೊಂಟದವರೆಗೆ ನೀರು, ಬೈಕೊಂದು ಕೊಚ್ಚಿಕೊಂಡು ಹೋಯ್ತು’ ಅಂತ. ಮರುದಿನ ಹೋದೆ. ಅದೇ 20 ಅಡಿ ರಸ್ತೆ. ಎರಡೂ ಕಡೆ ಕಾಂಪೌಂಡು ಬಿದ್ದಿತ್ತು. ಬಿದ್ದಲ್ಲಿ ನೀರು ತನ್ನ ಅಗಲ ತೆಗೆದುಕೊಂಡಿತ್ತು. ನನ್ನ ಕೈಯಲ್ಲಿ ಟೇಪು ಇತ್ತು, ಅಭ್ಯಾಸ ನೋಡಿ, ಅಳೆದೆ. 40 ಅಡಿ ಚಿಲ್ಲರೆ.

ಹೊಸ ಮನೆಗಳವರು ರಸ್ತೆಗೆ ಬಂದು ನಿಂತಿದ್ದರು. ಹೊರಗಿನಿಂದ ಬಂದು ಮನೆ ಕಟ್ಟಿಕೊಂಡವರು, ಪಾಪ. ಒಬ್ಬ ಹುಡುಗ ‘ಇಷ್ಟು ನೀರು ಎಲ್ಲಿಂದ ಬಂತು ಸರ್?’ ಅಂತ ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಕೋಲೂರಿಕೊಂಡು ನಿಂತಿದ್ದ ಅಜ್ಜಿಯೊಬ್ಬರು ಹೇಳಿದರು:

‘ಎಲ್ಲಿಂದ ಬತ್ತದಪ್ಪ? ಹೊಂಗೆಹಳ್ಳ ಅಲ್ವಾ ಇದು.’